ಹಾಫ್‌ಟೈಮಿನ ಹರಿಕಥೆ ಸಾಕು

ಮೊದಲರ್ಧದಲ್ಲಿ ಸೋಲುತ್ತಿದ್ದ ತಂಡ ಎರಡನೇ ಅರ್ಧದಲ್ಲಿ ಎದ್ದು ನಿಂತರೆ ಸಾಕು, ಟಿವಿಯ ವೀಕ್ಷಕ ವಿವರಣೆಗಾರರಿಂದ ಹಿಡಿದು ಟೀ ಅಂಗಡಿಯ ಬೆಂಚಿನವರೆಗೆ ಎಲ್ಲರೂ ಒಂದೇ ತೀರ್ಪು ಕೊಡುತ್ತಾರೆ: ‘ಒಳಗೆ ಕೋಚು ಸರಿಯಾಗಿ ಉಗಿದಿರಬೇಕು.’ ಅದೇ ತಂಡ ಇನ್ನಷ್ಟು ಕುಸಿದರೆ ತೀರ್ಪು ತಿರುಗುತ್ತದೆ: ‘ಈ ಹುಡುಗರಲ್ಲಿ ಕೆಚ್ಚೇ ಇಲ್ಲ.’ ಗೆಲುವಿನ ಶ್ರೇಯ ಕೋಚಿನ ಗಂಟಲಿಗೆ, ಸೋಲಿನ ಅಪವಾದ ಆಟಗಾರರ ಎದೆಗೆ. ಇಷ್ಟು ಅನುಕೂಲದ ಲೆಕ್ಕಪತ್ರ ಇನ್ಯಾವ ಉದ್ಯೋಗದಲ್ಲಿದೆ ಹೇಳಿ?

ಪಂದ್ಯದ ನಡುವಿನ ವಿರಾಮ ಇರುವುದೇ ರೋಷ ತುಂಬುವುದಕ್ಕೆ ಎಂಬ ಈ ನಂಬಿಕೆ ಬರೀ ಸುಳ್ಳಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಆಟವನ್ನು ಓದಲು ಬಾರದ ಕೋಚುಗಳಿಗೆ ಇದು ರಕ್ಷಾಕವಚವಾಗಿದೆ. ಆಡಲು ಬಂದ ಮಕ್ಕಳ ಮೇಲೆ ಕೂಗಾಡಲು, ಕೆಲವು ಕಡೆ ಕೈಮಾಡಲು, ಪರವಾನಗಿಯಾಗಿದೆ. ಇಷ್ಟಾದರೂ ಯಾರೂ ಇದನ್ನು ಪ್ರಶ್ನಿಸುವುದಿಲ್ಲ. ಯಾಕೆಂದರೆ ಗೆಲುವಿನ ಕಥೆಯಲ್ಲಿ ಒಂದು ಭಾಷಣವಿದ್ದರೆ ಕೇಳುವುದಕ್ಕೆ ಚೆಂದ.

ಭಾಷಣಪ್ರಿಯರು ಮೊದಲು ಎಳೆದು ತರುವ ಸಾಕ್ಷಿ ಇಸ್ತಾಂಬುಲ್. ಅಲ್ಲಿಂದಲೇ ಶುರು ಮಾಡೋಣ. 2005ರ ಮೇ 25, ಚಾಂಪಿಯನ್ಸ್ ಲೀಗ್ ಫೈನಲ್. ವಿರಾಮದ ಹೊತ್ತಿಗೆ ಮಿಲಾನ್ 3, ಲಿವರ್‌ಪೂಲ್ 0. ಮೊದಲ ನಿಮಿಷದಲ್ಲೇ ಮಾಲ್ದೀನಿ, ಆಮೇಲೆ ಕ್ರೆಸ್ಪೊ ಎರಡು ಸಲ. ವಿರಾಮ ಮುಗಿದು ಬಂದ ಲಿವರ್‌ಪೂಲ್ 54ನೇ ನಿಮಿಷದಿಂದ 60ನೇ ನಿಮಿಷದೊಳಗೆ ಮೂರೂ ಗೋಲು ತೀರಿಸಿ, ಕೊನೆಗೆ ಪೆನಾಲ್ಟಿಗಳಲ್ಲಿ ಕಪ್ ಎತ್ತಿತು. ಅಂದಿನಿಂದ ಇಂದಿನವರೆಗೂ ಜನಕ್ಕೆ ಒಂದೇ ಕುತೂಹಲ: ಲಿವರ್‌ಪೂಲಿನ ಕೋಚ್ ರಫಾ ಬೆನಿಟೆಜ್ ಒಳಗೆ ಏನು ಹೇಳಿದ? ಯಾವ ಮಂತ್ರ ಊದಿದ?

ಆತ ಮಾಡಿದ್ದು ಇಷ್ಟು. ಮಿಲಾನಿನ ಕಕಾ ಮೈದಾನದ ನಟ್ಟನಡುವೆ ಯಾರ ಅಡ್ಡಿಯೂ ಇಲ್ಲದೆ ಚೆಂಡು ಹಿಡಿದು ಓಡುತ್ತಿದ್ದ. ಲಿವರ್‌ಪೂಲಿನ ರಕ್ಷಣೆಯ ಮುಂದೆ ಬಾಗಿಲು ತೆರೆದೇ ಇತ್ತು. ಬೆನಿಟೆಜ್ ಆ ಜಾಗಕ್ಕೆ ಡೀಟ್ಮರ್ ಹಾಮನ್‌ನನ್ನು ತಂದ. ಹಿಂದೆ ನಾಲ್ವರ ಬದಲು ಮೂವರನ್ನು ನಿಲ್ಲಿಸಿದ. ಹಿಂದೆ ಹಾಮನ್ ಕಾವಲಿದ್ದಾನೆ ಎಂಬ ಧೈರ್ಯದಲ್ಲಿ ಸ್ಟೀವನ್ ಜೆರಾರ್ಡ್‌ಗೆ ಮುಂದೆ ನುಗ್ಗುವ ಸ್ವಾತಂತ್ರ್ಯ ಸಿಕ್ಕಿತು. ಈಗ ಗೋಲುಗಳನ್ನು ನೋಡಿ. ಮೊದಲನೆಯದು ಎದುರಾಳಿ ಪೆಟ್ಟಿಗೆಯೊಳಗೆ ನುಗ್ಗಿ ನಿಂತ ಜೆರಾರ್ಡ್‌ನ ತಲೆಯಿಂದ. ಮೂರನೆಯದಕ್ಕೆ ಕಾರಣವಾದ ಪೆನಾಲ್ಟಿ ಸಿಕ್ಕಿದ್ದು ಮತ್ತೆ ಪೆಟ್ಟಿಗೆಯೊಳಗೆ ನುಗ್ಗಿದ ಜೆರಾರ್ಡ್‌ನನ್ನು ಗಟ್ಟುಸೊ ಕೆಡವಿದಾಗ. ಮೊದಲರ್ಧದಲ್ಲಿ ಅದೇ ಜೆರಾರ್ಡ್ ಕಕಾನ ಬೆನ್ನು ಹತ್ತಿ ತನ್ನದೇ ಗೋಲಿನ ಕಡೆಗೆ ಓಡುತ್ತಿದ್ದ. ಎದೆಯೊಳಗಿನ ಬೆಂಕಿ ಎರಡೂ ಅರ್ಧಗಳಲ್ಲಿ ಅಷ್ಟೇ ಇತ್ತು. ಅವನು ನಿಂತ ಜಾಗ ಬೇರೆಯಾಗಿತ್ತು.

ಆ ಕೋಣೆಯೊಳಗೆ ನಡೆದದ್ದು ಸಿನಿಮಾದ ದೃಶ್ಯದಂತೆಯೂ ಇರಲಿಲ್ಲ. ಜಿಮಿ ಟ್ರವೊರೆಗೆ ‘ನೀನು ಹೊರಗೆ’ ಅಂದಾಗಿತ್ತು, ಅವನು ಸ್ನಾನಕ್ಕೆ ಹೊರಟಿದ್ದ. ಅಷ್ಟರಲ್ಲಿ ಸ್ಟೀವ್ ಫಿನ್ನನ್‌ಗೆ ಗಾಯವಾಗಿದೆ, ಅವನು ಮುಂದುವರಿಯಲಾರ ಎಂದು ಫಿಸಿಯೊ ಹೇಳಿದ. ಫಿನ್ನನ್ ಹೊರಗೆ, ಟ್ರವೊರೆ ಮತ್ತೆ ಒಳಗೆ. ಒಂದು ಹಂತದಲ್ಲಿ ಲೆಕ್ಕ ತಪ್ಪಿ ಹನ್ನೆರಡು ಮಂದಿಯನ್ನು ಬೋರ್ಡಿನ ಮೇಲೆ ಆಡಿಸಿಬಿಟ್ಟಿದ್ದರು ಎಂದು ಆಟಗಾರರೇ ಆಮೇಲೆ ನಗುತ್ತ ಹೇಳಿಕೊಂಡಿದ್ದಾರೆ. ಸ್ನಾನಕ್ಕೆ ಹೊರಟಿದ್ದ ಆ ಟ್ರವೊರೆಯೇ ಎರಡನೇ ಅರ್ಧದಲ್ಲಿ ಮಿಲಾನಿನ ಶೆವ್ಚೆಂಕೊ ಹೊಡೆತವನ್ನು ಗೋಲುಗೆರೆಯ ಮೇಲೇ ತಡೆದು ಹೊರಗಟ್ಟಿದ. ಗಡಿಬಿಡಿ, ಅಳಿಸು, ಮತ್ತೆ ಬರೆ, ಗಾಯದ ವರದಿ ಕೇಳು, ಮತ್ತೆ ಎಣಿಸು: ವಿರಾಮದ ನಿಜವಾದ ಕೆಲಸ ಹೀಗಿರುತ್ತದೆ. ಇದರಲ್ಲಿ ಹಿನ್ನೆಲೆ ಸಂಗೀತಕ್ಕೆ ಜಾಗವಿಲ್ಲ. ಅದಕ್ಕೇ ಜನ ಇದನ್ನು ಬಿಟ್ಟು ‘ಆತ್ಮವಿಶ್ವಾಸ ತುಂಬಿದ’ ಕಥೆಯನ್ನು ಇಟ್ಟುಕೊಂಡರು.

ಇನ್ನು 2022ರ ವಿಶ್ವಕಪ್. ಅರ್ಜೆಂಟೀನಾವನ್ನು ಸೌದಿ ಅರೇಬಿಯಾ 2–1ರಿಂದ ಸೋಲಿಸಿತು. ಕೋಚ್ ಎರ್ವೆ ರೆನಾರ್ ವಿರಾಮದಲ್ಲಿ ಅಬ್ಬರಿಸಿದ ವಿಡಿಯೊ ಜಗತ್ತಿನ ಫೋನುಗಳಲ್ಲೆಲ್ಲ ಓಡಾಡಿತು. ಬೇಕಾದರೆ ಫೋನು ತೆಗೆದು ಮೆಸ್ಸಿ ಜೊತೆ ಫೋಟೊ ಹೊಡೆಸಿಕೊಳ್ಳಿ ಎಂದು ಆತ ತನ್ನ ಹುಡುಗರನ್ನು ಚುಚ್ಚಿದ್ದು ಎಲ್ಲರಿಗೂ ನೆನಪಿದೆ. ಅದೇ ಉಸಿರಿನಲ್ಲಿ ಆತ ಕೊಟ್ಟ ಸೂಚನೆ ಯಾರಿಗಾದರೂ ನೆನಪಿದೆಯೇ? ಮೆಸ್ಸಿ ಮೈದಾನದ ಮಧ್ಯದಲ್ಲಿ ಚೆಂಡು ಹಿಡಿದಾಗ ನೀವು ಹಿಂದೆ ಸರಿದು ರಕ್ಷಣೆಯ ಮುಂದೆ ನಿಲ್ಲುತ್ತಿದ್ದೀರಿ, ಅದು ತಪ್ಪು, ಮೇಲೆ ಹೋಗಿ ಅಲ್ಲೇ ಹಿಡಿಯಿರಿ ಎಂಬುದು ಆ ಸೂಚನೆ. ಅದಕ್ಕೂ ಮುಂಚೆ, ಆತ ಬಾಯಿ ತೆರೆಯುವ ಮುಂಚೆಯೇ, ಸೌದಿಯ ರಕ್ಷಣಾಗೆರೆ ಎದೆಗುಂದದೆ ಮುಂದೆ ನಿಂತು ಮೊದಲರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲುಗಳನ್ನು ಆಫ್‌ಸೈಡ್ ಮಾಡಿಸಿತ್ತು. ಇಡೀ ಪಂದ್ಯದಲ್ಲಿ ಅರ್ಜೆಂಟೀನಾ ಹತ್ತು ಸಲ ಆಫ್‌ಸೈಡ್ ಆಯಿತು. ಇದು ಸಿಟ್ಟಿನಿಂದ ಬರುವ ವಿದ್ಯೆಯೇ? ನಾಲ್ಕು ಜನ ಒಂದೇ ಕ್ಷಣದಲ್ಲಿ ಒಂದೇ ಹೆಜ್ಜೆ ಮುಂದಿಡಬೇಕಾದರೆ ತಿಂಗಳುಗಟ್ಟಲೆ ಅಭ್ಯಾಸ ಬೇಕು.

ಅಬ್ಬರಕ್ಕೇ ಅಷ್ಟು ಶಕ್ತಿಯಿದ್ದರೆ ಮುಂದಿನ ಪಂದ್ಯಗಳಲ್ಲಿ ಅದು ಎಲ್ಲಿ ಹೋಗಿತ್ತು? ಕೋಚೂ ಅವರೇ, ಗಂಟಲೂ ಅದೇ. ಪೋಲೆಂಡ್ ಎದುರು 0–2, ಮೆಕ್ಸಿಕೊ ಎದುರು 1–2. ಸೌದಿ ಗುಂಪಿನಲ್ಲಿ ಕೊನೆಯ ಸ್ಥಾನಕ್ಕಿಳಿದು ಮನೆಗೆ ಹೋಯಿತು. ಆ ಎರಡು ವಿರಾಮಗಳ ವಿಡಿಯೊ ಯಾರೂ ಹಂಚಲಿಲ್ಲ.

ಅದೇ ವಿಶ್ವಕಪ್ಪಿನ ಫೈನಲ್‌ನದು ಇನ್ನೂ ಚೆನ್ನಾದ ಕಥೆ. ವಿರಾಮಕ್ಕೆ ಅರ್ಜೆಂಟೀನಾ 2–0 ಮುಂದು. ಒಳಗೆ ಕಿಲಿಯನ್ ಎಂಬಾಪೆ ಎದ್ದು ನಿಂತು ಸಹ ಆಟಗಾರರನ್ನು ಬಡಿದೆಬ್ಬಿಸುವಂತೆ ಮಾತಾಡಿದ್ದನ್ನು ಫ್ರೆಂಚ್ ಟಿವಿಯ ಸಾಕ್ಷ್ಯಚಿತ್ರ ಸೆರೆಹಿಡಿಯಿತು. ಆಮೇಲೆ ಎಂಬಾಪೆ ಎರಡು ನಿಮಿಷದಲ್ಲಿ ಎರಡು ಗೋಲು ಹೊಡೆದ. ಭಾಷಣ, ಗೋಲು, ಗೋಲು: ಕಥೆ ತಯಾರು. ಗಡಿಯಾರ ಮಾತ್ರ ಬೇರೆ ಮಾತು ಹೇಳುತ್ತದೆ. ಆ ಗೋಲುಗಳು ಬಂದದ್ದು 80 ಮತ್ತು 81ನೇ ನಿಮಿಷದಲ್ಲಿ. ಭಾಷಣ ಮುಗಿದ ಮೇಲೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಫ್ರಾನ್ಸ್ ಮೊದಲಿನ ಹಾಗೇ ಒದ್ದಾಡುತ್ತಿತ್ತು. ಗೋಲಿನ ಕಡೆಗೆ ಅವರ ಮೊದಲ ಹೊಡೆತ ಬರುವ ಹೊತ್ತಿಗೆ ಹೆಚ್ಚುಕಡಿಮೆ 70 ನಿಮಿಷ ಆಗಿತ್ತು. ಕೋಚ್ ದಿದಿಯೆ ದೆಶಾಂಪ್ ವಿರಾಮಕ್ಕೂ ಕಾಯದೆ 41ನೇ ನಿಮಿಷದಲ್ಲೇ ಜಿರೂ, ದೆಂಬೆಲೆ ಇಬ್ಬರನ್ನೂ ಹೊರಗೆ ಕರೆದು ತ್ಯುರಾಮ್, ಕೊಲೊ ಮುವಾನಿಯನ್ನು ಇಳಿಸಿದ್ದರು. 71ರಲ್ಲಿ ಗ್ರೀಜ್‌ಮನ್‌ನಂಥ ಗ್ರೀಜ್‌ಮನ್‌ನನ್ನೇ ತೆಗೆದು ಕೊಮಾನ್, ಕಮವಿಂಗಾ ಇಬ್ಬರನ್ನು ತಂದರು. ಮೊದಲ ಗೋಲಿನ ಪೆನಾಲ್ಟಿ ಗಳಿಸಿದ್ದು ಕೊಲೊ ಮುವಾನಿ. ಎರಡನೆಯದಕ್ಕೆ ಮೆಸ್ಸಿಯ ಕಾಲಿಂದ ಚೆಂಡು ಕಿತ್ತದ್ದು ಕೊಮಾನ್, ಎಂಬಾಪೆಗೆ ಕೊನೆಯ ಪಾಸ್ ಕೊಟ್ಟದ್ದು ತ್ಯುರಾಮ್. ಮೂವರೂ ಬದಲಿ ಆಟಗಾರರು. ಫ್ರಾನ್ಸ್ ಕೊನೆಗೆ ಪೆನಾಲ್ಟಿಗಳಲ್ಲಿ ಸೋತಿತು, ಆ ಮಾತು ಬೇರೆ. ಸತ್ತ ಪಂದ್ಯಕ್ಕೆ ಜೀವ ಬಂದದ್ದು ಯಾರಿಂದ ಎಂದು ಕೇಳಿದರೆ ನಮ್ಮ ಜನ ಈಗಲೂ ಆ ವಿಡಿಯೊವನ್ನೇ ಕಳಿಸುತ್ತಾರೆ.

ಬೈಗುಳದಿಂದ ತಂಡ ಎದ್ದ ಕಥೆಗಳನ್ನೇ ಹೇಳುವವರು ಬೈಗುಳದಿಂದ ಬಿದ್ದವರನ್ನೂ ಎಣಿಸಬೇಡವೇ? 2008ರ ಡಿಸೆಂಬರ್ 26, ಇಂಗ್ಲೆಂಡಿನ ಪ್ರೀಮಿಯರ್ ಲೀಗ್. ಮ್ಯಾಂಚೆಸ್ಟರ್ ಸಿಟಿ ಎದುರು ಹಲ್ ಸಿಟಿ ವಿರಾಮಕ್ಕೆ 0–4 ಹಿಂದೆ. ಕೋಚ್ ಫಿಲ್ ಬ್ರೌನ್ ತನ್ನ ಆಟಗಾರರನ್ನು ಒಳಗೆ ಬಿಡದೆ, ತಮ್ಮ ಬೆಂಬಲಿಗರ ಮುಂದೆ ಹುಲ್ಲಿನ ಮೇಲೆ ಸಾಲಾಗಿ ಕೂರಿಸಿ, ಬೆರಳು ತೋರಿಸಿ ಬೈದರು. ಕೊನೆಗೆ 1–5. ಕ್ರಿಸ್ಮಸ್ ಹೊತ್ತಿಗೆ ಪಟ್ಟಿಯ ಮೇಲ್ಭಾಗದಲ್ಲಿದ್ದ ಆ ತಂಡ ಆಮೇಲೆ ಉಳಿದ ಋತುವಿನಲ್ಲಿ ಒಂದೇ ಒಂದು ಲೀಗ್ ಪಂದ್ಯ ಗೆದ್ದು, ಒಂದೇ ಅಂಕದ ಅಂತರದಲ್ಲಿ ಕೆಳದರ್ಜೆಗೆ ಬೀಳುವುದರಿಂದ ಪಾರಾಯಿತು. ಮುಂದಿನ ವರ್ಷ ಅದೇ ಮೈದಾನದಲ್ಲಿ ಗೋಲು ಹೊಡೆದ ಜಿಮ್ಮಿ ಬುಲರ್ಡ್, ಜೊತೆಗಾರರನ್ನೆಲ್ಲ ನೆಲದ ಮೇಲೆ ಕೂರಿಸಿ ಬೆರಳು ಆಡಿಸುತ್ತ ಆ ದೃಶ್ಯವನ್ನು ಅಣಕಿಸಿದ. ಆಟಗಾರರು ಮರೆತಿರಲಿಲ್ಲ.

‘ಹಾಗಾದರೆ ಮ್ಯಾಂಚೆಸ್ಟರ್ ಯುನೈಟೆಡ್ ಕೋಚ್ ಆಗಿದ್ದ ಫರ್ಗುಸನ್?’ ಎಂದು ಕೇಳುತ್ತೀರಿ, ಗೊತ್ತು. ಎದುರಿಗೆ ನಿಂತು ಕಿರುಚಿದರೆ ಆಟಗಾರರ ಕೂದಲು ಒಣಗುತ್ತಿತ್ತಂತೆ, ಅದಕ್ಕೇ ಆ ಬೈಗುಳಕ್ಕೆ ಹೇರ್ ಡ್ರೈಯರ್ ಎಂದೇ ಹೆಸರು. ನಮ್ಮ ಅರ್ಧ ಕೋಚುಗಳು ತಮ್ಮ ಬಾಯಿಗೆ ಈ ಮಹಾತ್ಮನನ್ನು ಸಾಕ್ಷಿ ಕರೆಯುತ್ತಾರೆ. ಆದರೆ 2013ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಗೆ ಸರ್ ಅಲೆಕ್ಸ್ ಫರ್ಗುಸನ್ ತಾವೇ ಹೇಳಿದ್ದೇನು? ವಿರಾಮದಲ್ಲಿ ಮಾತಾಡಲು ಸಿಗುವುದು ಹೆಚ್ಚೆಂದರೆ ಎಂಟು ನಿಮಿಷ, ಅದನ್ನು ಸರಿಯಾಗಿ ಬಳಸಬೇಕು; ಟೀಕೆಯಿಂದ ಉದ್ಧಾರ ಆಗುವವರು ಕಡಿಮೆ, ಹೆಚ್ಚಿನವರು ಒಲಿಯುವುದು ಮೆಚ್ಚುಗೆಗೆ. 2001ರಲ್ಲಿ ಟಾಟನ್‌ಹ್ಯಾಮ್ ಎದುರು ವಿರಾಮಕ್ಕೆ 0–3 ಹಿಂದಿದ್ದ ಮ್ಯಾಂಚೆಸ್ಟರ್ ಯುನೈಟೆಡ್ 5–3ರಿಂದ ಗೆದ್ದಿತಲ್ಲ, ಆ ದಿನ ಫರ್ಗುಸನ್ ತಣ್ಣಗೆ ಹೇಳಿದ್ದು ಮೊದಲು ಒಂದು ಗೋಲು ಹೊಡೆಯೋಣ, ಆಮೇಲೆ ಏನಾಗುತ್ತದೋ ನೋಡೋಣ ಎಂದು. ಅವರು ನಿಜಕ್ಕೂ ಕೆರಳಿ ಬೂಟು ಒದ್ದು ಅದು ಡೇವಿಡ್ ಬೆಕ್‌ಹ್ಯಾಮ್‌ನ ಹುಬ್ಬು ಸೀಳಿದ್ದು 2003ರಲ್ಲಿ, ಆರ್ಸೆನಲ್ ಎದುರು ಸೋತು ಬಂದ ಮೇಲೆ. ಪಂದ್ಯ ಆಗಲೇ ಮುಗಿದಿತ್ತು. ಅದೇ ವರ್ಷದ ಬೇಸಿಗೆಯಲ್ಲಿ ಬೆಕ್‌ಹ್ಯಾಮ್ ಕ್ಲಬ್ಬನ್ನೇ ಬಿಟ್ಟುಹೋದ. ನಮ್ಮವರು ಇಪ್ಪತ್ತಾರು ವರ್ಷ ಒಂದು ಕ್ಲಬ್ಬನ್ನು ಕಟ್ಟಿದ ಮನುಷ್ಯನಿಂದ ಕಲಿತದ್ದು ಬೂಟು ಒದೆಯುವುದನ್ನು!

ಇಷ್ಟಾದರೂ ಕೋಚುಗಳು ತಮ್ಮ ಅನುಭವವನ್ನು ಮುಂದಿಡುತ್ತಾರೆ. ‘ಸ್ವಾಮಿ, ನಾನು ಕಣ್ಣಾರೆ ಕಂಡಿದ್ದೇನೆ. ಬೈದಾಗ ಆಟ ಸುಧಾರಿಸಿದೆ, ಹೊಗಳಿದಾಗ ಕೆಟ್ಟಿದೆ.’ ಕಂಡಿದ್ದು ಸುಳ್ಳಲ್ಲ, ಅದರಿಂದ ತೆಗೆದ ತೀರ್ಮಾನ ಸುಳ್ಳು. ಇಸ್ರೇಲಿನ ವಾಯುಪಡೆಯ ತರಬೇತುದಾರನೊಬ್ಬ ಇದೇ ಮಾತನ್ನು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಅವರಿಗೆ ಹೇಳಿದ್ದ: ಚೆನ್ನಾಗಿ ಹಾರಿಸಿದ ಹುಡುಗನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನಿಗೆ ಬೈದರೆ ಮುಂದಿನ ಸಲ ಸುಧಾರಿಸುತ್ತಾನೆ. ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದ ಕಾನಮನ್ ಇದರ ಒಳಗುಟ್ಟನ್ನು ಬಿಡಿಸಿದರು. ಯಾರೇ ಆಗಲಿ, ತಮ್ಮ ಮಾಮೂಲಿ ಮಟ್ಟಕ್ಕಿಂತ ತೀರ ಕೆಳಗೆ ಬಿದ್ದ ಮೇಲೆ ಮತ್ತೆ ಮಾಮೂಲಿಗೆ ಮರಳುವ ಸಾಧ್ಯತೆಯೇ ಹೆಚ್ಚು. ಬೈದರೂ ಮರಳುತ್ತಾರೆ, ಬಾಳೆಹಣ್ಣು ಕೊಟ್ಟು ಸುಮ್ಮನೆ ಕೂರಿಸಿದರೂ ಮರಳುತ್ತಾರೆ. ಮೊದಲರ್ಧದಲ್ಲಿ ನಾಲ್ಕು ಗೋಲು ಬಿಟ್ಟ ತಂಡ ಎರಡನೇ ಅರ್ಧದಲ್ಲಿ ಒಂದೇ ಬಿಟ್ಟರೆ ಅದಕ್ಕೆ ಕೋಚಿನ ಗಂಟಲೇ ಕಾರಣವಾಗಬೇಕಿಲ್ಲ. ತಂಡ ತೀರ ಕೆಟ್ಟದಾಗಿ ಆಡಿದಾಗ ಮಾತ್ರ ಕೋಚು ಕಿರುಚುತ್ತಾನೆ. ಹಾಗಾಗಿ ಅವನ ಪ್ರತಿ ಕಿರುಚಾಟದ ನಂತರವೂ ಆಟ ಒಂದಿಷ್ಟು ಸುಧಾರಿಸಿದಂತೆ ಕಾಣುವುದು ಖಚಿತ. ಇಪ್ಪತ್ತು ವರ್ಷದ ಸರ್ವಿಸಿನ ‘ಅನುಭವ’ ಹೀಗೆ ಇಪ್ಪತ್ತು ವರ್ಷದ ಭ್ರಮೆಯಾಗಿರಬಹುದು.

ಸ್ವಲ್ಪ ಓದಿಕೊಂಡವರು ಸಂಶೋಧನೆಯನ್ನೂ ತರುತ್ತಾರೆ. ಅಮೆರಿಕದ 23 ಶಾಲಾ, ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಗಳ 304 ವಿರಾಮ ಭಾಷಣಗಳನ್ನು ಅಧ್ಯಯನ ಮಾಡಿದ ಬ್ಯಾರಿ ಸ್ಟಾ ಮತ್ತು ಸಂಗಡಿಗರು, ಕೋಚಿನ ಅಸಮಾಧಾನದ ಧಾಟಿಗೂ ಎರಡನೇ ಅರ್ಧದ ಆಟ ಸುಧಾರಿಸುವುದಕ್ಕೂ ಸಂಬಂಧ ಕಂಡರು ಎಂಬುದು ನಿಜ. ಪ್ರಬಂಧದ ಉಳಿದರ್ಧವನ್ನೂ ಓದಿ: ಸಿಟ್ಟು ಒಂದು ಮಿತಿ ದಾಟಿದರೆ ಆಟ ಕೆಡುತ್ತದೆ ಎಂದೂ ಅವರೇ ಹೇಳಿದ್ದಾರೆ. ಈ ಮಿತಿ ಎಲ್ಲಿದೆ ಎಂದು ಗೊತ್ತಿರುವ, ಗೊತ್ತಿದ್ದು ಅಲ್ಲಿಗೇ ನಿಲ್ಲಿಸಬಲ್ಲ ಕೋಚನ್ನು ನನಗೆ ತೋರಿಸಿ. ‘ಇದು ಸಾಲದು, ನಾವು ಇದಕ್ಕಿಂತ ಚೆನ್ನಾಗಿ ಆಡಬಲ್ಲೆವು’ ಎಂದು ಗಂಭೀರವಾಗಿ ಹೇಳುವುದೂ ಅಸಮಾಧಾನವೇ. ಅದನ್ನು ಹಿಡಿದುಕೊಂಡು ಅಮ್ಮ ಅಕ್ಕ ಅನ್ನುವ ಬೈಗುಳಕ್ಕೆ ವಿಜ್ಞಾನದ ಮುದ್ರೆ ಒತ್ತಿಸಿಕೊಳ್ಳಬೇಡಿ. ಅದೇ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿ ಹನ್ನೆರಡು ವರ್ಷಗಳಲ್ಲಿ ಹತ್ತು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಕೋಚ್ ಜಾನ್ ವುಡನ್ ಇದ್ದರು. ಅವರ ಅಭ್ಯಾಸದ ಅವಧಿಗಳಲ್ಲಿ ಕೂತು ಮಾತುಗಳನ್ನು ಒಂದೊಂದಾಗಿ ಬರೆದುಕೊಂಡ ಇಬ್ಬರು ಶಿಕ್ಷಣ ಸಂಶೋಧಕರಿಗೆ ಸಿಕ್ಕಿದ್ದರಲ್ಲಿ ಮುಕ್ಕಾಲು ಪಾಲು ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ಮಾಹಿತಿ. ಹೊಗಳಿಕೆಯೂ ಅತ್ಯಲ್ಪ, ತೆಗಳಿಕೆಯೂ ಅತ್ಯಲ್ಪ.

ನಮ್ಮ ದೇಶದಲ್ಲಿ ಈ ರೋಗಕ್ಕೆ ಗೊಬ್ಬರ ಹಾಕಿದ್ದು ಸಿನಿಮಾ. 2007ರ ‘ಚಕ್ ದೇ ಇಂಡಿಯಾ’ದ ‘ಎಪ್ಪತ್ತು ನಿಮಿಷ’ ಭಾಷಣ ಬಾಯಿಪಾಠವಿಲ್ಲದ ಕೋಚು ಈ ದೇಶದಲ್ಲಿ ಇಲ್ಲವೇನೋ. ಹಾಕಿ ಎಪ್ಪತ್ತು ನಿಮಿಷದ ಆಟವಾಗಿ ಉಳಿದಿಲ್ಲ, ಹದಿನೈದು ನಿಮಿಷದ ನಾಲ್ಕು ಪಾದಗಳಾಗಿ ದಶಕ ಕಳೆಯಿತು. ಭಾಷಣ ಮಾತ್ರ ಹಾಗೇ ಇದೆ. ಆ ಚಿತ್ರದಲ್ಲೂ ಕೊನೆಯ ಗೆಲುವು ಬರುವುದು ಪೆನಾಲ್ಟಿ ಹೊತ್ತಿನಲ್ಲಿ ಎದುರಾಳಿಯ ಮನಸ್ಸನ್ನು ಓದಿ ಕೋಚ್ ಕಬೀರ್ ಖಾನ್ ಗೋಲ್‌ಕೀಪರ್‌ಗೆ ಕೊಡುವ ಮೂಕ ಸನ್ನೆಯಿಂದ. ಅದನ್ನು ಯಾರೂ ಬಾಯಿಪಾಠ ಮಾಡಲಿಲ್ಲ. ಇನ್ನು ನಿಜಜೀವನದ ಕೋಚ್ ಬೇಕೆಂದರೆ ಹೈದರಾಬಾದಿನ ಎಸ್.ಎ. ರಹೀಂ ಇದ್ದಾರೆ. 1962ರ ಜಕಾರ್ತಾ ಏಷ್ಯನ್ ಗೇಮ್ಸ್. ತಲೆಗೆ ಏಟು ಬಿದ್ದು ಹೊಲಿಗೆ ಹಾಕಿಸಿಕೊಂಡ ಡಿಫೆಂಡರ್ ಜರ್ನೈಲ್ ಸಿಂಗ್‌ರನ್ನು ರಹೀಂ ಹೊರಗೆ ಕೂರಿಸಲೂ ಇಲ್ಲ, ‘ದೇಶಕ್ಕಾಗಿ ರಕ್ತ ಸುರಿಸು’ ಎಂದು ಅದೇ ಜಾಗಕ್ಕೆ ನೂಕಲೂ ಇಲ್ಲ. ಸೆಂಟರ್ ಫಾರ್ವರ್ಡ್ ಮಾಡಿ ಮುಂದೆ ಕಳಿಸಿದರು. ಸೆಪ್ಟೆಂಬರ್ 4ರ ಫೈನಲಿನಲ್ಲಿ ದಕ್ಷಿಣ ಕೊರಿಯಾ ಎದುರು ಭಾರತದ 2–1 ಗೆಲುವಿನ ಒಂದು ಗೋಲು ಪಿ.ಕೆ. ಬ್ಯಾನರ್ಜಿಯವರದು, ಇನ್ನೊಂದು ಜರ್ನೈಲರದು. ವೃತ್ತಿಯಿಂದ ಮೇಷ್ಟ್ರಾಗಿದ್ದ ರಹೀಂ ಒಂದು ಸ್ಥಾನವನ್ನು ಬದಲಾಯಿಸಿ ಚಿನ್ನ ತಂದರು. ಏಷ್ಯನ್ ಗೇಮ್ಸ್ ಫುಟ್‌ಬಾಲಿನಲ್ಲಿ ಅದಾದ ಮೇಲೆ ನಮಗೆ ಚಿನ್ನ ಬಂದಿಲ್ಲ. ಭಾಷಣಗಳಿಗೆ ಮಾತ್ರ ಕೊರತೆಯಾಗಿಲ್ಲ.

ಈಗ ನಮ್ಮೂರಿಗೆ ಬನ್ನಿ. ಯಾವುದೇ ತಾಲ್ಲೂಕು ಕ್ರೀಡಾಕೂಟದ ಕಬಡ್ಡಿ ಅಂಕಣದ ಪಕ್ಕ ವಿರಾಮದ ಹೊತ್ತಿಗೆ ನಿಂತು ನೋಡಿ. ಏಳೆಂಟು ಮಕ್ಕಳು ಏದುಸಿರು ಬಿಡುತ್ತ, ಮಂಡಿಯ ಮೇಲೆ ಕೈಯಿಟ್ಟು ಬಾಗಿ ನಿಂತಿರುತ್ತಾರೆ. ಪಿ.ಟಿ. ಮೇಷ್ಟ್ರು ನಡುವೆ ನಿಂತು ಶುರು ಮಾಡುತ್ತಾರೆ: ‘ನಾಚಿಕೆ ಆಗಲ್ವೇನ್ರೋ? ಊಟ ಮಾಡಿಲ್ವಾ? ಆ ಹುಡುಗ್ರು ನೋಡ್ರೋ ಹೆಂಗ್ ಆಡ್ತಿದಾರೆ!’ ನೀರು ಕುಡಿಯಲು ಹೋದವನ ಬೆನ್ನಿಗೆ ಒಂದು ಏಟು. ಅತ್ತ ಪೋಷಕರು ‘ಚೆನ್ನಾಗಿ ಬಯ್ರಿ ಸಾರ್’ ಎಂದು ಹುರಿದುಂಬಿಸುತ್ತಾರೆ. ಶಿಳ್ಳೆ ಕೇಳಿಸುತ್ತದೆ, ಐದು ನಿಮಿಷ ಮುಗಿಯುತ್ತದೆ. ಮಕ್ಕಳು ಯಾವ ತಪ್ಪು ಮಾಡುತ್ತಿದ್ದರೋ ಅದೇ ತಪ್ಪು ಮಾಡಲು ಅಂಕಣಕ್ಕೆ ಮರಳುತ್ತಾರೆ, ಈ ಸಲ ಹೆದರಿಕೆಯ ಸಮೇತ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಗಣಿತದ ಮೇಷ್ಟ್ರು ತರಗತಿಯಲ್ಲಿ ಹೊಡೆದರೆ ಅದು ಸುದ್ದಿಯಾಗುತ್ತದೆ, ನೋಟಿಸು ಹೋಗುತ್ತದೆ. ಅದೇ ಮಗುವಿಗೆ ಅದೇ ಶಾಲೆಯ ಇನ್ನೊಬ್ಬ ಮೇಷ್ಟ್ರು ಸಾವಿರ ಜನರ ಎದುರು ಹೊಡೆದರೆ ಅದು ‘ಶಿಸ್ತು’. ಸುಣ್ಣದ ಗೆರೆ ದಾಟಿದ ಕೂಡಲೇ ಕಾನೂನು ಔಟಾಗುತ್ತದೆಯೇ?

ಆ ಐದು ನಿಮಿಷದಲ್ಲಿ ಹೇಳಬಹುದಾಗಿದ್ದದ್ದು ಎಷ್ಟಿತ್ತು! ಕಬಡ್ಡಿಯಷ್ಟು ಲೆಕ್ಕಾಚಾರದ ಆಟ ನಮ್ಮಲ್ಲಿ ಇನ್ನೊಂದಿಲ್ಲ. ವಿರಾಮದ ನಂತರ ಆಟ ಶುರುವಾಗುವುದು ಮೊದಲರ್ಧ ಮುಗಿದಾಗ ಅಂಕಣದಲ್ಲಿ ಎಷ್ಟು ಜನ ಉಳಿದಿದ್ದರೋ ಅಷ್ಟೇ ಜನರಿಂದ. ಹೊರಗಿರುವವರು ಔಟಾದ ಸರದಿಯಲ್ಲೇ ಮರಳುತ್ತಾರೆ. ಹಾಗಿದ್ದರೆ ನಮ್ಮ ಮುಖ್ಯ ರೈಡರ್ ಸರದಿಯಲ್ಲಿ ಎಷ್ಟನೆಯವನು? ಅವನನ್ನು ಒಳಗೆ ತರಲು ಮೊದಲ ಅಂಕ ಯಾರಿಂದ ತರಿಸಬೇಕು? ಎದುರಾಳಿ ರೈಡರ್ ಪ್ರತಿ ಸಲ ಬೋನಸ್ ಗೆರೆ ದಾಟಿ ಹೋಗುತ್ತಿದ್ದಾನೆ. ಅಂಕಣದಲ್ಲಿ ಕನಿಷ್ಠ ಆರು ಜನರಿದ್ದರೆ ಮಾತ್ರ ಬೋನಸ್ ಸಿಗುವುದು ತಾನೇ, ಅವನು ಯಾವ ಕಾಲು ಚಾಚುತ್ತಾನೆ, ಆ ಕಡೆಯ ಕಾರ್ನರ್ ಯಾಕೆ ತಡಮಾಡುತ್ತಿದ್ದಾನೆ? ನಾವು ಮೂವರೇ ಉಳಿದಾಗ ಹಿಡಿದರೆ ಹೆಚ್ಚುವರಿ ಅಂಕ ಉಂಟು. ಆಗ ಹಿಡಿಯುವ ಮೊದಲ ಕೈ ಯಾರದು, ಹಿಂದಿನಿಂದ ಬರುವವರು ಯಾರು? ಎರಡು ಖಾಲಿ ದಾಳಿಯ ನಂತರದ ‘ಮಾಡು ಇಲ್ಲವೇ ಮಡಿ’ ದಾಳಿಗೆ ಯಾರು? ಇವುಗಳಲ್ಲಿ ಎರಡಕ್ಕೆ ಉತ್ತರ ಸಿಕ್ಕರೂ ಐದು ನಿಮಿಷ ಸಾರ್ಥಕ. ‘ನಾಚಿಕೆ ಆಗಲ್ವಾ’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಯಾವ ಅಂಕ ಬರುತ್ತದೆ?

2019ರ ಜನವರಿ 5ರ ಪ್ರೊ ಕಬಡ್ಡಿ ಫೈನಲ್ ನಮ್ಮ ಜನಕ್ಕೆ ನೆನಪಿದೆ. ಬೆಂಗಳೂರು ಬುಲ್ಸ್ ವಿರಾಮಕ್ಕೆ 9–16ರಿಂದ ಗುಜರಾತಿಗಿಂತ ಹಿಂದಿತ್ತು, ಕೊನೆಗೆ 38–33ರಿಂದ ಗೆದ್ದು ಮೊದಲ ಬಾರಿ ಚಾಂಪಿಯನ್ ಆಯಿತು. ಪವನ್ ಸೆಹ್ರಾವತ್ ಒಬ್ಬರದೇ 22 ಅಂಕ. ‘ಏನು ರೋಷ!’ ಎಂದು ಊರೆಲ್ಲ ಹೇಳಿತು. ರೋಷ ಗುಜರಾತಿನ ಹುಡುಗರಲ್ಲಿ ಕಡಿಮೆಯಿತ್ತೇ? ಹೊರಗೆ ಕೂತ ರೈಡರ್ ಎಷ್ಟೇ ರೋಷದಲ್ಲಿದ್ದರೂ ಅವನ ಅಂಕ ಸೊನ್ನೆ. ಪವನ್ ದಾಳಿ ಮಾಡುತ್ತಲೇ ಇರಬೇಕಾದರೆ, ಅವರು ಔಟಾದಾಗಲೆಲ್ಲ ಬೇರೆ ಆರು ಮಂದಿ ಹಿಡಿದೋ ಮುಟ್ಟಿಯೋ ಅವರನ್ನು ಮ್ಯಾಟಿಗೆ ಮರಳಿಸಬೇಕು. ಆ ಆರು ಮಂದಿಯ ಕೆಲಸ ಯಾರ ಮಾತಿನಲ್ಲೂ ಬರುವುದಿಲ್ಲ. ಟಿವಿಯವರದೂ ಇದರಲ್ಲಿ ಪಾಲಿದೆ. ಟೈಮ್‌ಔಟಿನಲ್ಲಿ ಕೋಚಿನ ಮುಖಕ್ಕೆ ಕ್ಯಾಮೆರಾ, ಬಾಯಿಗೆ ಮೈಕು. ಮೆಲ್ಲಗೆ ‘ನೀನು ಎರಡು ಹೆಜ್ಜೆ ಒಳಗೆ ನಿಲ್ಲು’ ಎಂದವನ ತುಣುಕು ಯಾರಿಗೂ ಬೇಡ. ಕಿರುಚಿದವನಿಗೆ ಲಕ್ಷ ವೀಕ್ಷಣೆ. ಅದನ್ನು ಶಾಲೆಯ ಮೇಷ್ಟ್ರೂ ನೋಡುತ್ತಾರೆ.

ಕೆಲಸ ಗೊತ್ತಿರುವ ಕೋಚುಗಳು ಹೇಗೆ ಮಾಡುತ್ತಾರೆ? ಫುಟ್‌ಬಾಲಿನ ಹದಿನೈದು ನಿಮಿಷದಲ್ಲಿ ಮೊದಲ ಮೂರ್ನಾಲ್ಕು ನಿಮಿಷ ಎಷ್ಟೋ ಮಂದಿ ಆಟಗಾರರ ಹತ್ತಿರವೇ ಸುಳಿಯುವುದಿಲ್ಲ. ಆಟಗಾರರು ಉಸಿರು ತೆಗೆದುಕೊಳ್ಳಲಿ, ನೀರು ಕುಡಿಯಲಿ. ಆ ಹೊತ್ತಿಗೆ ಕೋಚು ಸಹಾಯಕರ ಜೊತೆ ಕೂತು ಮೇಲಿಂದ ತೆಗೆದ ವಿಡಿಯೊದ ಎರಡು ಮೂರು ತುಣುಕು ನೋಡಿಕೊಳ್ಳುತ್ತಾನೆ. ಆಮೇಲೆ ಒಳಗೆ ಹೋಗಿ ಒಂದೋ ಎರಡೋ ವಿಷಯ. ದಣಿದ ತಲೆಯಲ್ಲಿ ಅದಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಬದಲಿ ಆಟಗಾರರ ನಿಯಮವನ್ನು ನೋಡಿ: ಐದು ಬದಲಾವಣೆಗೆ ಪಂದ್ಯದ ನಡುವೆ ಮೂರೇ ಅವಕಾಶ, ಆದರೆ ವಿರಾಮದಲ್ಲಿ ಮಾಡಿದ ಬದಲಾವಣೆ ಆ ಮೂರರ ಲೆಕ್ಕಕ್ಕೆ ಬರುವುದಿಲ್ಲ. ವಿರಾಮ ಇರುವುದು ಬದಲಾಯಿಸುವುದಕ್ಕೆ ಎಂದು ನಿಯಮ ಬರೆದವರಿಗೂ ಗೊತ್ತಿದೆ. 2014ರ ವಿಶ್ವಕಪ್ಪಿನಲ್ಲಿ ಮೆಕ್ಸಿಕೊ ಎದುರು 0–1 ಹಿಂದಿದ್ದ ನೆದರ್ಲೆಂಡ್ಸಿನ ಕೋಚ್ ಲೂಯಿ ವಾನ್ ಗಾಲ್, ಫೋರ್ತಲೆಜಾದ ಬಿಸಿಲಿಗಾಗಿ ಕೊಟ್ಟ ನೀರಿನ ವಿರಾಮದಲ್ಲೇ ತಂಡದ ರಚನೆ ಬದಲಿಸಿಬಿಟ್ಟರು. 2–1ರಿಂದ ಗೆದ್ದರು. ನೀರು ಕುಡಿಯುವಷ್ಟು ಹೊತ್ತು ಸಾಕಾಯಿತು.

ತಂತ್ರ ಬದಲಿಸಿದರೆ ಪ್ರತಿ ಸಲವೂ ಗೆಲ್ಲುತ್ತಾರೆ ಎಂದು ನಾನು ಹೇಳುತ್ತಿಲ್ಲ. 2016ರ ಸೆಪ್ಟೆಂಬರಿನಲ್ಲಿ ಆರ್ಸೆನಲ್ ಎದುರು ವಿರಾಮಕ್ಕೆ 0–3 ಹಿಂದಿದ್ದ ಚೆಲ್ಸಿಯ ಕೋಚ್ ಅಂತೋನಿಯೊ ಕೊಂತೆ ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಹಿಂದೆ ಮೂವರ ರಚನೆಗೆ ಬದಲಾದರು. ಪಂದ್ಯ 0–3ರಲ್ಲೇ ಮುಗಿಯಿತು, ಸೋತರು. ಅದೇ ರಚನೆಯಲ್ಲಿ ಮುಂದೆ ಸತತ ಹದಿಮೂರು ಲೀಗ್ ಪಂದ್ಯ ಗೆದ್ದು ಚಾಂಪಿಯನ್ ಆದರು. ಸೋಲಿನ ನಡುವೆ ಹುಟ್ಟಿದ ಒಂದು ಯೋಚನೆ ಇಡೀ ವರ್ಷ ಅನ್ನ ಹಾಕಿತು. ಆ ದಿನ ಕೊಂತೆ ಬರೀ ಬೈದು ಕಳಿಸಿದ್ದರೆ ಅಕ್ಟೋಬರಿಗೆ ಏನು ಉಳಿಯುತ್ತಿತ್ತು?

ಹಾಗಾದರೆ ನಮ್ಮಲ್ಲಿ ಬೈಗುಳವೇ ಏಕೆ ನಡೆಯುತ್ತದೆ? ಅದು ಅಗ್ಗ, ಅದಕ್ಕೇ. ಬೈಯಲು ಮೊದಲರ್ಧವನ್ನು ನೋಡಬೇಕಾಗಿಲ್ಲ, ಸ್ಕೋರು ನೋಡಿದರೆ ಸಾಕು. ತಂತ್ರ ಬದಲಿಸಲು ಇಪ್ಪತ್ತು ನಿಮಿಷ ಕಣ್ಣು ಕೀಲಿಸಿ ನೋಡಬೇಕು, ಬರೆದುಕೊಳ್ಳಬೇಕು, ಮುಖ್ಯವಾಗಿ ‘ನಾನು ಮೊದಲು ಹಾಕಿಕೊಟ್ಟ ಯೋಜನೆ ತಪ್ಪಾಗಿತ್ತು’ ಎಂದು ಹದಿನಾಲ್ಕು ವರ್ಷದ ಮಕ್ಕಳ ಮುಂದೆ ಒಪ್ಪಿಕೊಳ್ಳಬೇಕು. ನಮ್ಮ ಗುರುಪರಂಪರೆಯಲ್ಲಿ ಇದಕ್ಕಿಂತ ಕಷ್ಟದ ಕೆಲಸ ಇಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು. ಓದಲಾರದ ಕೋಚಿಗೆ ಹುಡುಗರು ಡೊಂಕು. ಅಂಕಣದೊಳಗಿನ ಮಗುವಿಗೆ ಎದುರಾಳಿಯ ಪಟ್ಟು ಕೋಚಿಗಿಂತ ಮೊದಲೇ ಗೊತ್ತಾಗಿರುತ್ತದೆ. ‘ಸಾರ್, ಅವನು ಎಡಗಾಲಿಗೆ ಬರ್ತಾನೆ’ ಎಂದು ಹೇಳಲು ಅದು ಬಾಯಿ ತೆರೆಯುವಷ್ಟರಲ್ಲಿ ‘ಎದುರು ಮಾತಾಡ್ತೀಯಾ?’ ಎಂದು ಮುಚ್ಚಿಸುತ್ತೇವೆ. ತಂಡಕ್ಕೆ ಸಿಗಬಹುದಾಗಿದ್ದ ಅತ್ಯುತ್ತಮ ಮಾಹಿತಿ ಅಲ್ಲಿಗೆ ಸತ್ತಿತು.

ಇದು ನಿಲ್ಲಬೇಕು, ನಿಲ್ಲಿಸಲು ದೊಡ್ಡ ಬಜೆಟ್ಟೇನೂ ಬೇಡ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಿಂದ ಕೋಚುಗಳನ್ನು ತಯಾರಿಸುತ್ತಿದೆ, ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲೂ ಡಿಪ್ಲೊಮಾ ಇದೆ. ಪರೀಕ್ಷೆಯಲ್ಲಿ ಒಂದು ಅರ್ಧದ ಆಟ ತೋರಿಸಿ, ಐದು ನಿಮಿಷ ಕೊಟ್ಟು, ಏನು ಬದಲಿಸುತ್ತೀರಿ ಎಂದು ಕೇಳಿ. ಉತ್ತರಿಸಲಾರದವರನ್ನು ಪಾಸು ಮಾಡಬೇಡಿ. ಶಾಲಾ ಕ್ರೀಡಾಕೂಟ ನಡೆಸುವ ಇಲಾಖೆ ಒಂದು ಸಾಲಿನ ಆದೇಶ ಹೊರಡಿಸಲಿ: ವಿರಾಮದಲ್ಲಿ ಮಗುವಿನ ಮೇಲೆ ಕೈಮಾಡಿದ, ಹೀನವಾಗಿ ಬೈದ ಕೋಚನ್ನು ತೀರ್ಪುಗಾರರು ಅಲ್ಲೇ ಅಂಕಣದಾಚೆ ಕಳಿಸಬೇಕು. ಆಟಗಾರನಿಗೆ ಕಾರ್ಡು ತೋರಿಸುವ ಕೈಗೆ ಕೋಚು ಯಾಕೆ ಕಾಣುವುದಿಲ್ಲ? ಮೊದಲ ಎರಡು ನಿಮಿಷ ನೀರು ಮತ್ತು ಮೌನ, ಆಮೇಲೆ ಮಾತು ಮೊದಲು ಆಟಗಾರರದು ಎಂಬುದು ರೂಢಿಯಾಗಲಿ. ಸ್ಕೋರ್ ಹಾಳೆಯ ಕೆಳಗೆ ಎರಡು ಖಾಲಿ ಸಾಲು ಬಿಟ್ಟು, ವಿರಾಮದಲ್ಲಿ ಏನು ಬದಲಿಸಿದಿರಿ ಎಂದು ಕೋಚಿನಿಂದಲೇ ಬರೆಸಿ ಸಹಿ ಹಾಕಿಸಿ. ವರ್ಷದ ಕೊನೆಗೆ ಆ ಸಾಲುಗಳನ್ನು ಓದಿದರೆ ಯಾರು ಕೋಚು, ಯಾರು ಬರೀ ಗಂಟಲು ಎಂದು ಗೊತ್ತಾಗುತ್ತದೆ.

ಪೋಷಕರೇ, ‘ಚೆನ್ನಾಗಿ ಬಯ್ರಿ ಸಾರ್’ ಎನ್ನುವುದನ್ನು ಬಿಡಿ. ಪಂದ್ಯ ಮುಗಿದ ಮೇಲೆ, ಗೆದ್ದಿದ್ದರೂ ಸರಿ ಸೋತಿದ್ದರೂ ಸರಿ, ಮೇಷ್ಟ್ರ ಹತ್ತಿರ ಹೋಗಿ ಎರಡು ಪ್ರಶ್ನೆ ಕೇಳಿ: ಮೊದಲರ್ಧದಲ್ಲಿ ನಿಮಗೆ ಏನು ಕಾಣಿಸಿತು, ಎರಡನೇ ಅರ್ಧಕ್ಕೆ ಏನು ಬದಲಿಸಿದಿರಿ? ಒಂದು ಸಲ ಉತ್ತರ ಬರದಿದ್ದರೆ ಕಾಯಿರಿ. ಮುಂದಿನ ಪಂದ್ಯದಲ್ಲೂ ಕೇಳಿ, ಅದರ ಮುಂದಿನದರಲ್ಲೂ ಕೇಳಿ. ಮೂರನೇ ಸಲವೂ ‘ಹುಡುಗರಲ್ಲಿ ಕೆಚ್ಚಿಲ್ಲ’ ಎಂಬ ಉತ್ತರವೇ ಬಂದರೆ ಮುಖ್ಯೋಪಾಧ್ಯಾಯರ ಕೋಣೆಗೆ ನಡೆಯಿರಿ, ತಂಡಕ್ಕೆ ಬೇರೆ ಕೋಚನ್ನು ಕೇಳಿ.